ತಾರಸಿಯ ಬಿಸಿಲು, ಬಿಳಿ ಪುಡಿ ಮತ್ತು ಹೈಡ್ರೋಜನ್

ಪ್ರಶ್ನೆ: ನೀರಿಗೆ ಯಾವುದೋ ಪುಡಿ ಹಾಕಿ ಬಿಸಿಲಿಗಿಟ್ಟರೆ ಹಸಿರು ಹೈಡ್ರೋಜನ್ ಬರುತ್ತದಂತೆ, ಕರೆಂಟೂ ಬೇಡವಂತೆ. ಮಗಳು ಓದಿ ಹೇಳಿದಳು. ನಮ್ಮದು 30-40 ಸೈಟಿನ ಮನೆ, ತಾರಸಿ ಖಾಲಿ ಇದೆ. ಅಡುಗೆಗೆ ಆಗುವಷ್ಟು ಬಂದೀತೇ ಸರ್?
– ಗೃಹಿಣಿ, ಪಾವಗಡ

ಉತ್ತರ: ಮಗಳು ಓದಿದ್ದು ಸುಳ್ಳಲ್ಲ. ಜಪಾನಿನಲ್ಲಿ ವಿಜ್ಞಾನಿ ಕಜುನಾರಿ ಡೊಮೆನ್ ಅವರ ತಂಡ ಹೆಚ್ಚುಕಡಿಮೆ ನಿಮ್ಮ ತಾರಸಿಯಷ್ಟೇ, ಅಂದರೆ 100 ಚದರ ಮೀಟರ್ ಜಾಗದಲ್ಲಿ ಇದನ್ನು ಮಾಡಿ 2021ರಲ್ಲಿ ವರದಿ ಕೊಟ್ಟಿತು. ಸ್ಟ್ರಾನ್ಷಿಯಂ ಟೈಟನೇಟ್ ಎಂಬ ಪುಡಿಗೆ ಚೂರು ಅಲ್ಯೂಮಿನಿಯಂ ಬೆರೆಸಿ, ಗಾಜಿನ ಹಾಳೆಗೆ ಬಳಿದು, ಮೇಲೊಂದು ಗಾಜು ಮುಚ್ಚಿದರು. ನಡುವೆ ನೀರಿಗೆ ಬಿಟ್ಟ ಸಂದು 0.1 ಮಿಲಿಮೀಟರ್, ತಲೆಗೂದಲಿನ ದಪ್ಪದಷ್ಟು. ಇಂಥವು 1,600 ಹಾಳೆ. ತಿಂಗಳುಗಟ್ಟಲೆ ನಡೆಯಿತು.

ಅಷ್ಟು ಕಿರಿದು ಯಾಕೆ ಅಂತೀರಾ? ನಾನು ಮೂವತ್ತೊಂದು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟವನು. ಪ್ರತಿ ಜೂನ್‌ನಲ್ಲೂ ಎರಡು ಪೆನ್ಸಿಲ್ ಕಡ್ಡಿ, 9 ವೋಲ್ಟ್ ಬ್ಯಾಟರಿ ಇಟ್ಟು ನೀರು ಒಡೆದು ತೋರಿಸುತ್ತಿದ್ದೆ. ಒಂದು ಕಡ್ಡಿಯಲ್ಲಿ ಹೈಡ್ರೋಜನ್, ಇನ್ನೊಂದರಲ್ಲಿ ಆಮ್ಲಜನಕ. ಒಮ್ಮೆ ಮಾತಿನ ಭರದಲ್ಲಿ ಎರಡನ್ನೂ ಒಂದೇ ಪ್ರನಾಳದಲ್ಲಿ ಹಿಡಿದು ಬೆಂಕಿಕಡ್ಡಿ ಗೀರಿದೆ. ಢಂ! ಪ್ರನಾಳದ ಬುಡ ಹಾರಿತು. ಮುಂದಿನ ಬೆಂಚಿನವರು ಆ ವರ್ಷವಿಡೀ ಹಿಂದೆಯೇ ಕೂತರು. ಈ ಪುಡಿಯಲ್ಲಾದರೋ ಎರಡೂ ಅನಿಲ ಒಂದೇ ಕಣದಿಂದ ಬೆರೆತೇ ಹೊರಡುತ್ತವೆ. ಹಾಗಾಗಿ ಆ ಮಿಶ್ರಣ ಎಲ್ಲೂ ಜಾಸ್ತಿ ಶೇಖರವಾಗಬಾರದು, ಸಂದು ಅಷ್ಟು ಕಿರಿದಾಗಿರುವುದು ಅದಕ್ಕೇ. ಡೊಮೆನ್ ತಂಡದವರು ಬೇಕೆಂದೇ ಕಿಡಿ ಹಚ್ಚಿ ಪರೀಕ್ಷಿಸಿದರು, ಹಾಳೆಗೆ ಏನೂ ಆಗಲಿಲ್ಲ. ಆಮೇಲೆ ಪಾಲಿಇಮೈಡ್ ಎಂಬ ಪ್ಲಾಸ್ಟಿಕ್ಕಿನ ಪೊರೆಯಲ್ಲಿ ಸೋಸಿ ಹೈಡ್ರೋಜನ್ ಬೇರೆ ಮಾಡಿದರು. ಹಾಳೆಗಿಂತ ಈ ಸೋಸುವ, ಒತ್ತುವ ಕೆಲಸಕ್ಕೇ ಹೆಚ್ಚು ಖರ್ಚಾದೀತು ಅನ್ನುವುದು ನನ್ನ ಗುಮಾನಿ.

ಈಗ ನಿಮ್ಮ ಅಡುಗೆಗೆ ಬರೋಣ. ಬಿಸಿಲಿನ ಶಕ್ತಿಯಲ್ಲಿ ಹೈಡ್ರೋಜನ್ ಆಗಿ ಕೈಗೆ ಬಂದದ್ದು ಹೆಚ್ಚೆಂದರೆ ಶೇ. 0.76. ಚದರ ಮೀಟರಿಗೆ ದಿನಕ್ಕೆ 5 ಯೂನಿಟ್ ಬಿಸಿಲು ಎಂದು ಹಿಡಿದರೆ ನಿಮ್ಮ ತಾರಸಿಯಿಂದ ಸುಮಾರು 100 ಗ್ರಾಂ ಹೈಡ್ರೋಜನ್, ಕಾಲು ಕೆ.ಜಿ. ಅಡುಗೆ ಅನಿಲದಷ್ಟು ಶಾಖ. ಅನ್ನ, ಸಾರು ಆದೀತು, ಸಂಜೆ ನೆಂಟರು ಬಂದರೆ ಕಷ್ಟ. ಅದೇ ಜಾಗದ ತುಂಬ ಮಾಮೂಲಿ ಸೋಲಾರ್ ಪ್ಯಾನೆಲ್ ಹಾಕಿ, ಆ ಕರೆಂಟಿನಿಂದ ನೀರು ಒಡೆದರೆ 2 ಕೆ.ಜಿ. ಹತ್ತಿರ ಬರುತ್ತದೆ.

ಪುಡಿ ಸೋಮಾರಿ ಅಂತಲ್ಲ. ತನಗೆ ಒಗ್ಗುವ ಅತಿನೇರಳೆ ಕಿರಣವನ್ನು ಅದು ಹೆಚ್ಚುಕಡಿಮೆ ಪೂರ್ತಿ ದುಡಿಸಿಕೊಳ್ಳುತ್ತದೆ. ಬಿಸಿಲಿನಲ್ಲಿ ಆ ಕಿರಣ ಇರುವುದೇ ನೂರರಲ್ಲಿ ನಾಲ್ಕೈದು ಪಾಲು. ಕಣ್ಣಿಗೆ ಬಿಳಿ ಕಾಣುತ್ತದೆ ಅಂದರೇನೇ, ಕಾಣುವ ಬೆಳಕನ್ನೆಲ್ಲ ಬೇಡವೆಂದು ವಾಪಸ್ ಕಳಿಸುತ್ತಿದೆ ಎಂದರ್ಥ. ಹಾಗಾಗಿ ಈಗ ಹುಡುಕಾಟ ಬಣ್ಣದ ಪುಡಿಗಳಿಗೆ. ಟ್ಯಾಂಟಲಂ ನೈಟ್ರೈಡ್ ಕೆಂಪಗಿದೆ, ಬೆಳಕನ್ನು ಚೆನ್ನಾಗಿಯೇ ಹೀರುತ್ತದೆ. ಆದರೆ ನೀರಿನಲ್ಲಿ ದುಡಿಯುತ್ತಾ ತಾನೇ ಕೆಡುತ್ತದೆ.

ತಾರಸಿಗೆ ಸದ್ಯ ಪ್ಯಾನೆಲ್ಲೇ ಹಾಕಿಸಿ. ಮಗಳಿಗೆ ಪೆನ್ಸಿಲ್ ಕಡ್ಡಿಯ ಪ್ರಯೋಗ ಮಾಡಿಕೊಡಿ. ನೀರಿಗೆ ಚಿಟಿಕೆ ಅಡುಗೆ ಸೋಡಾ ಸಾಕು. ಉಪ್ಪು ಬೇಡ, ಕ್ಲೋರಿನ್ ಘಾಟು ಏಳುತ್ತದೆ. ಕಿಟಕಿ ತೆರೆದಿರಲಿ, ಬೆಂಕಿಕಡ್ಡಿ ಮಾತ್ರ ಪೆಟ್ಟಿಗೆಯೊಳಗೇ ಇರಲಿ.