ಮಲೆನಾಡಿನ ಬುಡಕಟ್ಟು ಜನರೇ ಮುಂದೆ ನಿಂತು ಕಾಡು ಕಾಯುವುದಕ್ಕೆ ಬೆಂಗಳೂರಿನಲ್ಲಿರುವ ನನ್ನಂಥವರು ಏನು ನೆರವು ಕೊಡಬಹುದು?

ಗಿಡ ನೆಡಿಸೋಣವೇ, ದುಡ್ಡು ಕಳಿಸೋಣವೇ ಎಂದೂ ಕೇಳಿದ್ದೀರಿ. ನಾನು ಹೊಸನಗರದ ಕಡೆಯವನು, ಊರಿನ ಅರಣ್ಯ ಹಕ್ಕು ಸಮಿತಿಗೆ ಕಾಗದಪತ್ರ ಬರೆದುಕೊಡುತ್ತೇನೆ. ದಯವಿಟ್ಟು ಗಿಡ ಬೇಡ. ನಮ್ಮಲ್ಲಿ ನಾಲ್ಕು ಮಳೆ ಬಿದ್ದರೆ ಬೇಲಿಗೂಟವೂ ಚಿಗುರುತ್ತದೆ. ಕೊರತೆ ಇರುವುದು ದಾಖಲೆಗೆ.

ಕಾಡನ್ನು ನೆಚ್ಚಿ ಬದುಕುವವರಿಗೆ ಅದರ ಮೇಲೆ ಹಕ್ಕು ಕೊಡುವ 2006ರ ಅರಣ್ಯ ಹಕ್ಕು ಕಾಯ್ದೆ ಎಂದರೆ ಇಲ್ಲಿ ಒತ್ತುವರಿ ಜಮೀನಿನ ಅರ್ಜಿ ಎಂದೇ ಲೆಕ್ಕ. ಎಲ್ಲರೂ ತಂತಮ್ಮ ಗುಂಟೆಗಳಿಗೆ ‘ಎ’ ನಮೂನೆ ತುಂಬಲು ಓಡಾಡಿದರು. ಊರು ಒಟ್ಟಾಗಿ ತಾನು ಕಾಯುತ್ತ ಬಂದ ಕಾಡಿನ ಮೇಲೆ ಹಕ್ಕು ಕೇಳುವ ‘ಸಿ’ ನಮೂನೆಯನ್ನು ಮೂಸಿ ನೋಡಿದವರು ಕಡಿಮೆ. ಆ ಹಕ್ಕು ಸಿಕ್ಕರೆ ಕಾಡಿನ ನಿರ್ವಹಣಾ ಯೋಜನೆ ಬರೆಯುವುದು ಗ್ರಾಮಸಭೆಯ ಸಮಿತಿ. ಅರಣ್ಯ ಇಲಾಖೆಯ ಯೋಜನೆಯ ಜೊತೆ ಅದನ್ನು ಹೊಂದಿಸುವಾಗ ಏನು ತಿದ್ದಬೇಕು ಎನ್ನುವುದೂ ಆ ಸಮಿತಿಯ ಕೈಯಲ್ಲೇ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಹಕ್ಕು ಪಡೆದರು. ನಮ್ಮ ಕಡೆಯ ಬುಡಕಟ್ಟಿನವರಾದ ಹಸಲರಿಗೆ ಯಾಕಾಗಬಾರದು?

ಕಾಡಿನ ಹುಳಿಹಣ್ಣು ಉಪ್ಪಾಗೆಯನ್ನೇ ನೋಡಿ. ಹಣ್ಣಾಗಿ ಉದುರಿದ್ದನ್ನು ಆರಿಸಿ, ಸಿಪ್ಪೆ ಬಿಡಿಸಿ, ಒಲೆಯ ಮೇಲೆ ಹೊಗೆಗೆ ಒಣಗಿಸುವುದು ಮಳೆಗಾಲದ ಕೆಲಸ. ಟೆಂಡರ್ ಹಿಡಿದವನು ಬಂದರೆ ಕಥೆಯೇ ಬೇರೆ. ನಾನು ಬಿಟ್ಟರೆ ಇನ್ನೊಬ್ಬ ಕೊಯ್ದಾನು ಎಂದು ಎಳೆಕಾಯಿಯನ್ನೇ ಕೊಂಬೆ ಸಮೇತ ಇಳಿಸುತ್ತಾರೆ. ಯಾವಾಗ ಕೊಯ್ಯಬೇಕು, ಯಾವ ಮರ ಬಿಡಬೇಕು ಎಂದು ಕಟ್ಟುಮಾಡುವ ಅಧಿಕಾರ ಊರಿಗಿದ್ದರೆ ಈ ಪೈಪೋಟಿಯೇ ಇರುವುದಿಲ್ಲ.

ಬೆಂಗಳೂರಿನಲ್ಲಿ ಇರುವುದರಿಂದ ನಿಮಗೊಂದು ಅನುಕೂಲವಿದೆ: ರಾಜ್ಯ ಪತ್ರಾಗಾರ. ಹಳೆಯ ಗೆಜೆಟಿಯರ್, ಸರ್ವೆ ವರದಿ, ನಕ್ಷೆ ಎಲ್ಲವನ್ನೂ ಕಾಯ್ದೆಯ ನಿಯಮಗಳು ಸಾಕ್ಷ್ಯವೆಂದು ಒಪ್ಪುತ್ತವೆ. ಸೊರಬದ ಕಾನುಗಳ, ಅಂದರೆ ಊರವರು ಕಾಯ್ದುಕೊಂಡು ಬಂದ ದಟ್ಟ ಹಸಿರು ಕಾಡುಗಳ ಬಗ್ಗೆ ಬ್ರಿಟಿಷ್ ಆಡಳಿತದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲೇ ವರದಿ ಬರೆದಿದ್ದರು. ಅಂಥದ್ದನ್ನು ಹುಡುಕಿ, ನಕಲು ಮಾಡಿಸಿ ಕಳಿಸಿದರೆ ಸಾವಿರ ಸಸಿಗಿಂತ ಮೇಲು.

ಊರಿನ ಕಾಡಿನ ಗಡಿ ಗುರುತಿಸುವ ದಿನ ಬರುವುದಾದರೆ ಜಿಪಿಎಸ್ ಹಿಡಿದು ಹಿಂದೆ ನಡೆಯಿರಿ, ಮುಂದಲ್ಲ. ಹಳ್ಳ ತಿರುಗುವ ಜಾಗ, ಭೂತನ ಕಲ್ಲು, ಹಾಲ್ಮಡ್ಡಿ ಮರದ ಮೈಮೇಲಿನ ಹಳೆ ಕಚ್ಚು, ಹೀಗೆ ಕೇರಿಯ ಅಜ್ಜಿ ಕೈ ತೋರಿಸಿದಲ್ಲಿ ಒತ್ತಿ. ಹಿರಿಯರ ಮಾತನ್ನು ಬರೆದುಕೊಂಡರೆ ಅದೂ ಸಾಕ್ಷ್ಯ.

ಇನ್ನು ದುಡ್ಡು. ಗ್ರಾಮಸಭೆಗೆ ಅರ್ಧದಷ್ಟು ಸದಸ್ಯರು ಬರಬೇಕು, ಬಂದವರಲ್ಲಿ ಮೂರನೇ ಒಂದರಷ್ಟು ಹೆಂಗಸರಿರಬೇಕು. ಸಭೆಗೆ ಬಂದರೆ ಆ ದಿನದ ಕೂಲಿ ಹೋಯಿತು. ಅದನ್ನು ಕಟ್ಟಿಕೊಡಿ, ಜೀಪಿನ ಬಾಡಿಗೆ ಮತ್ತು ಜೆರಾಕ್ಸ್ ಖರ್ಚು ನೋಡಿಕೊಳ್ಳಿ. ಸಭೆ ಹಸಲರ ಕೇರಿಯಲ್ಲೇ ನಡೆಯಲಿ ಎಂದು ಪಟ್ಟು ಹಿಡಿಯಿರಿ. ನಮ್ಮಂಥ ತೋಟದವರು ಪಂಚಾಯಿತಿಯ ಕುರ್ಚಿಗಳಲ್ಲಿ ಕೂತುಬಿಟ್ಟರೆ ಅವರು ಬಾಗಿಲು ದಾಟಿ ಒಳಗೆ ಬರುವುದಿಲ್ಲ. ನಾಚಿಕೆಯಲ್ಲ ಅದು, ಹಳೆಯ ಅಭ್ಯಾಸ, ನಾವು ಮಾಡಿಸಿದ್ದು.

ಕಾನೂನು ಓದಿದ ಸ್ನೇಹಿತರಿದ್ದರೆ ಅವರನ್ನೂ ಸೇರಿಸಿಕೊಳ್ಳಿ. ಗ್ರಾಮಸಭೆ ಕಳಿಸಿದ ಅರ್ಜಿಯನ್ನು ಉಪವಿಭಾಗ ಸಮಿತಿ ತಳ್ಳಿಹಾಕಿದರೆ ಜಿಲ್ಲಾ ಸಮಿತಿಗೆ ಹೋಗಲು ಇರುವುದು 60 ದಿನ. ತಳ್ಳಿಹಾಕಿದ ಪತ್ರ ಯಾರದೋ ಮನೆಯ ಸೂರಿನಲ್ಲಿ ಸಿಕ್ಕಿಕೊಂಡು ಗಡುವು ಮುಗಿದುಹೋಗುತ್ತದೆ.