ಹಿಂದೆ ಕೂತವರು ಯಜಮಾನರು ಹೇಗಾಗುತ್ತಾರೆ?

ಪ್ರಶ್ನೆ: ಮಾಸ್ತರೇ, ಮಗ ಕಾಲೇಜು ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಾನೆ. ಆರ್ಟ್ ಬ್ಲೇಕಿ ತಂಡದ ‘ಮೋನಿನ್’ ಎಂಬ ಜಾಝ್ ರೆಕಾರ್ಡ್ ಕೇಳಿಸಿದ. ಯಜಮಾನ ಡ್ರಮ್ಮರ್ ಅಂತೆ. ಆದರೆ ಶುರುವಾಗುವುದೇ ಪಿಯಾನೊದಿಂದ, ಆಮೇಲೆ ಟ್ರಂಪೆಟ್ಟು, ಸ್ಯಾಕ್ಸೊಫೋನು. ಡ್ರಮ್ಸ್ ಹಿಂದೆಲ್ಲೋ ಇದೆ. ಇದೆಂಥ ಯಜಮಾನಿಕೆ?
— ಓದುಗರೊಬ್ಬರು, ಶಹಾಬಾದ್

ಉತ್ತರ: ನಗು ಬಂತು ತಾಯಿ. ಕಲಬುರಗಿಯ ಮದುವೆ ಆರ್ಕೆಸ್ಟ್ರಾಗಳಲ್ಲಿ ಮೂವತ್ತು ವರ್ಷ ಡ್ರಮ್ಸ್ ಬಾರಿಸಿದವನು ನಾನು. ಯಾವ ಫೋಟೊ ತೆಗೆದರೂ ನನ್ನದು ಕೋಲಿನ ತುದಿ ಮಾತ್ರ.

ಆ ಶುರುವನ್ನೇ ಇನ್ನೊಮ್ಮೆ ಕೇಳಿ. ಪಿಯಾನೊ ಒಂದು ಸಾಲು ಎತ್ತುತ್ತದೆ, ಉಳಿದವರು ಎರಡೇ ಪೆಟ್ಟಿನಲ್ಲಿ ‘ಹೌದಪ್ಪಾ’ ಅಂದಂತೆ ಉತ್ತರ ಕೊಡುತ್ತಾರೆ. ನಮ್ಮ ಕಡೆ ಭಜನೆಯಲ್ಲಿ ಒಬ್ಬರು ತತ್ವಪದ ಎತ್ತಿದರೆ ದಮ್ಮಡಿ ಹಿಡಿದವರೆಲ್ಲ ಸೊಲ್ಲು ಹಿಡಿಯುತ್ತಾರಲ್ವಾ, ಹಾಗೇ. ಅವರಿಗದು ಚರ್ಚಿನಿಂದ ಬಂದದ್ದು, ಅಲ್ಲಿ ‘ಆಮೆನ್’. ಹಾಡು ಕಟ್ಟಿದವರು ಪಿಯಾನೊದ ಬಾಬಿ ಟಿಮ್ಮನ್ಸ್, ಆಗ 22 ವರ್ಷ. ಅವರ ಬಳಿ ಇದ್ದದ್ದು ಆ ಮೊದಲ ತುಣುಕು ಮಾತ್ರ. ನಡುವಿನ ಭಾಗವನ್ನೂ ಕಟ್ಟು ಅಂತ ಸ್ಯಾಕ್ಸೊಫೋನಿನ ಬೆನ್ನಿ ಗೋಲ್ಸನ್ ಬೆನ್ನು ಹತ್ತಿದರು.

ರೆಕಾರ್ಡಿನಲ್ಲಿ ಆರು ಹಾಡು. ನಾಲ್ಕು ಗೋಲ್ಸನ್‌ರವು. ಯಜಮಾನರು ಬರೆದದ್ದು ಒಂದೂ ಇಲ್ಲ!

ಹಾಗಾದರೆ ಬ್ಲೇಕಿ ಮಾಡಿದ್ದೇನು? ಎಡಗಾಲು ಗಮನಿಸಿ. ಹೈ-ಹ್ಯಾಟ್, ಅಂದರೆ ಪೆಡಲ್ ತುಳಿದರೆ ಮುಚ್ಚಿಕೊಳ್ಳುವ ಜೋಡಿ ತಾಳ, ನಾಲ್ಕರ ಲೆಕ್ಕದಲ್ಲಿ ಎರಡನೆಯ, ನಾಲ್ಕನೆಯ ಎಣಿಕೆಗೆ ‘ಚಕ್’ ಅನ್ನುತ್ತಲೇ ಇರುತ್ತದೆ, ಅಲುಗಾಡುವುದಿಲ್ಲ. ಒಬ್ಬರ ಸರದಿ ಮುಗಿಯುವ ಹೊತ್ತಿಗೆ ಎರಡೂ ಕೋಲನ್ನು ಸ್ನೇರ್ ಎಂಬ ಚಿಕ್ಕ ಡ್ರಮ್ಮಿನ ಮೇಲೆ ಒತ್ತಿ ಹಿಡಿದು ಉರುಳಿಸುತ್ತಾರೆ. ತಗಡಿನ ಮಾಡಿನ ಮೇಲೆ ಮಳೆ ಹತ್ತಿರ ಬಂದಂತೆ ಸದ್ದು ಏರುತ್ತದೆ. ಆಮೇಲೆ ಮುಂದಿನವನು ಸುಮ್ನೆ ನಿಲ್ಲುವಂತಿಲ್ಲ. ಟ್ರಂಪೆಟ್ಟಿನ ಲೀ ಮಾರ್ಗನ್‌ಗೆ ಆಗ ಬರೀ 20. ಹಿಂದಿನಿಂದ ಅಂಥ ತಳ್ಳು ಬಿದ್ದರೆ ಹುಡುಗ ಹಾರದೆ ಇರುತ್ತಾನಾ?

ನಾನೂ ಒಂದು ಮದುವೆಯಲ್ಲಿ ಇದನ್ನೇ ಮಾಡಲು ಹೋಗಿ, ಹಾಡುವ ಅಕ್ಕನ ಚರಣದ ನಟ್ಟನಡುವೆ ಉರುಳಿಸಿಬಿಟ್ಟೆ. ಅವರು ತಿರುಗಿ ನೋಡಿದ ನೋಟ! ಊಟದ ಪಂಕ್ತಿಯಲ್ಲೂ ಮಾತಾಡಲಿಲ್ಲ. ಜಾಗ ನೋಡಿ ಉರುಳಿಸಬೇಕು, ಅದೇ ಕಷ್ಟ.

ರೆಕಾರ್ಡಾದದ್ದು 1958ರ ಅಕ್ಟೋಬರ್ 30ರಂದು, ನ್ಯೂಜೆರ್ಸಿಯ ಹ್ಯಾಕನ್‌ಸ್ಯಾಕ್‌ನಲ್ಲಿ. ದೊಡ್ಡ ಸ್ಟುಡಿಯೊ ಏನಲ್ಲ. ಹಗಲು ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುತ್ತಿದ್ದ ರೂಡಿ ವ್ಯಾನ್ ಗೆಲ್ಡರ್, ಅಪ್ಪ-ಅಮ್ಮನ ಮನೆಯ ಹಾಲ್‌ನಲ್ಲೇ ಮೈಕ್ ಇಟ್ಟಿದ್ದರು. ಡ್ರಮ್ಸ್ ಮುಂದೆ ಬಂದದ್ದನ್ನೇ ಕೇಳಬೇಕೆಂದರೆ ಅದೇ ರೆಕಾರ್ಡಿನ ‘ಡ್ರಮ್ ಥಂಡರ್ ಸ್ವೀಟ್’ (Suite) ಹಾಕಿ. ನನಗಂತೂ ಮೊದಲ ಹಾಡೇ ಜಾಸ್ತಿ ಇಷ್ಟ.

ಮಗನಿಗೆ ಒಂದು ವಾರ ಕೋಲು ಮುಟ್ಟಬೇಡ ಅನ್ನಿ. ಬರೀ ಎಡಗಾಲು, ಎರಡು ಮತ್ತು ನಾಲ್ಕು. ಪೆಡಲ್ ಕಿರುಗುಟ್ಟಿದರೆ ಕೊಬ್ಬರಿ ಎಣ್ಣೆ ಬೇಡ, ಹೊಲಿಗೆ ಮಷೀನಿನ ಎಣ್ಣೆ ಎರಡು ಹನಿ ಸಾಕು.