ಓದುಗರ ಪ್ರಶ್ನೆ: ಕಡಲು ಕಾದಾಗ ಹವಳ ಏನು ಮಾಡುತ್ತದೆ?

ಪ್ರ: ಸ್ಕೂಬಾ ಡೈವಿಂಗ್‌ಗೆ ಇಳಿದಾಗ ಕೆಲವು ಹವಳ ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದವು. ಜೊತೆಗಿದ್ದವರು ಎಲ್ಲ ಸತ್ತಿವೆ ಎಂದರು. ಬೆಳ್ಳಗಾದರೆ ಸತ್ತಂತೆಯೇ?

ಉ: ಅಲ್ಲ. ಹವಳ ಒಂದು ಪ್ರಾಣಿ. ಕೊಂಬೆಯ ಮೇಲಿನ ಒಂದೊಂದು ಗುಳಿಯಲ್ಲೂ ಪಾಲಿಪ್ ಎಂಬ ಒಂದೊಂದು ಪುಟ್ಟ ಜೀವಿ ಕೂತಿರುತ್ತದೆ. ಅದರ ಮೈ ಹೆಚ್ಚುಕಡಿಮೆ ಗಾಜಿನ ಹಾಗೆ. ನಮಗೆ ಕಾಣುವ ಕಂದು ಬಣ್ಣ ಅದರ ಒಳಪದರದ ಜೀವಕೋಶಗಳಲ್ಲಿ ನೆಲೆಸಿದ ಒಂಟಿಕೋಶದ ಪಾಚಿಯದು. ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ ಈ ಪಾಚಿ ಹತ್ತು ಲಕ್ಷದ ಆಸುಪಾಸು ಇರುತ್ತದೆ. ಅದು ಹೊರಟುಹೋದಾಗ ಪಾರದರ್ಶಕ ಮೈಯ ಕೆಳಗಿನ ಸುಣ್ಣದ ಗೂಡು ಎದ್ದು ಕಾಣುತ್ತದೆ. ಬಿಳಿಚುವುದು ಎಂದರೆ ಇಷ್ಟೇ. ಪ್ರಾಣಿ ಇನ್ನೂ ಬದುಕಿದೆ, ಆದರೆ ಉಪವಾಸ ಬಿದ್ದಿದೆ.

ಮುಟ್ಟದೆ ಒಂದಡಿ ದೂರದಿಂದ ನೋಡಿ. ಜೀವವಿದ್ದರೆ ಗುಳಿಗಳ ಅಂಚು ಮೆತ್ತಗೆ, ನುಣುಪಾಗಿ ಕಾಣುತ್ತದೆ. ಮೇಲೆ ತೆಳು ಲೋಳೆಯ ಹೊಳಪಿರುತ್ತದೆ, ನಿಟ್ಟಿಸಿದರೆ ಬಣ್ಣವಿಲ್ಲದ ಸಣ್ಣ ಗ್ರಹಣಾಂಗಗಳೂ (ಆಹಾರ ಹಿಡಿಯುವ ಎಳೆಗಳು) ಕಂಡಾವು. ಸತ್ತಿದ್ದರೆ ಗುಳಿಗಳ ಅಂಚು ಹರಿತವಾಗಿ, ಒಣ ಮೂಳೆಯಂತಿರುತ್ತದೆ. ಕೆಲವೇ ದಿನಗಳಲ್ಲಿ ಅದರ ಮೇಲೆ ಹಸಿರುಗಂದು ಪೊರೆ ಕೂರುತ್ತದೆ. ಆ ಪೊರೆ ಕಂಡರೆ ಆ ಭಾಗ ಮುಗಿಯಿತು.

ಬಿಳುಪು ಎಲ್ಲಿಂದ ಶುರುವಾಗಿದೆ ಎಂಬುದನ್ನೂ ಗಮನಿಸಿ. ಶಾಖದಿಂದ ಬಿಳಿಚಿದ್ದರೆ ಸಾಮಾನ್ಯವಾಗಿ ಬಿಸಿಲು ಹೆಚ್ಚು ಬೀಳುವ ಮೇಲ್ಭಾಗ ಮೊದಲು ಮಾಸುತ್ತದೆ, ಬಣ್ಣ ಕ್ರಮೇಣ ತೆಳುವಾಗುತ್ತ ಹೋಗುತ್ತದೆ. ಗೆರೆ ಎಳೆದಂತೆ ಒಂದು ಕಡೆ ಅಚ್ಚ ಬಿಳಿ, ಪಕ್ಕದಲ್ಲೇ ಪೂರ್ತಿ ಕಂದು ಇದ್ದರೆ ಅನುಮಾನ ಬೇರೆ ಕಡೆ ಹೋಗಬೇಕು: ಮುಳ್ಳುಕಿರೀಟದ ನಕ್ಷತ್ರಮೀನು ತಿಂದಿರಬಹುದು, ಡ್ರುಪೆಲ್ಲಾ ಬಸವನಹುಳು ಕೆರೆದಿರಬಹುದು, ಇಲ್ಲವೇ ರೋಗ ತಗಲಿರಬಹುದು. ಇನ್ನು ಕಣ್ಣು ಕೋರೈಸುವ ಗುಲಾಬಿ, ನೇರಳೆ ಬಣ್ಣಕ್ಕೆ ತಿರುಗಿದ ಹವಳ ಕಂಡರೆ ಅದನ್ನು ಆರೋಗ್ಯ ಎಂದುಕೊಳ್ಳಬೇಡಿ. ಪಾಚಿ ಕಡಿಮೆಯಾದಾಗ ಬೆಳಕು ಬಿಳಿ ಗೂಡಿಗೆ ಬಡಿದು ಒಳಗೆಲ್ಲ ಚದುರುತ್ತದೆ. ಆ ಬೆಳಕಿಗೆ ಪರದೆ ಹಾಕಲು ಪ್ರಾಣಿ ತಾನೇ ಬಣ್ಣದ ಪ್ರೋಟೀನು ತಯಾರಿಸುತ್ತದೆ. ಪಾಚಿ ಮರಳಿ ಬರಲು ನೆರಳು ಮಾಡಿಕೊಡುವ ಉಪಾಯ ಅದು.

ಪ್ರ: ಊಟ ಹಾಕುವ ಪಾಚಿಯನ್ನೇ ಹವಳ ಹೊರದಬ್ಬುವುದೇಕೆ? ಎಷ್ಟು ಬಿಸಿಯಾದರೆ ಹಾಗಾಗುತ್ತದೆ?

ಉ: ಪಾಚಿ ತಾನು ತಯಾರಿಸಿದ ಆಹಾರದಲ್ಲಿ ಶೇ 90ರವರೆಗೂ ಹವಳಕ್ಕೆ ಬಿಟ್ಟುಕೊಡಬಲ್ಲದು. ಆದರೆ ನೀರು ಕಾದು, ಮೇಲಿಂದ ಬಿಸಿಲೂ ಪ್ರಖರವಾಗಿದ್ದರೆ ಅದರ ದ್ಯುತಿಸಂಶ್ಲೇಷಣೆಯ ಯಂತ್ರ ಕೆಡುತ್ತದೆ. ಹಿಡಿದ ಬೆಳಕನ್ನು ಸಕ್ಕರೆಯಾಗಿಸಲಾಗದೆ ಹೈಡ್ರೋಜನ್ ಪೆರಾಕ್ಸೈಡಿನಂಥ, ಸಿಕ್ಕಿದ್ದನ್ನೆಲ್ಲ ಸುಡುವ ಆಮ್ಲಜನಕದ ರೂಪಗಳನ್ನು ಉಗುಳತೊಡಗುತ್ತದೆ. ಅವು ಹವಳದ ಕೋಶಕ್ಕೂ ಸೋರುತ್ತವೆ. ಪಾಚಿ ಆಚೆ ಹೋಗುವುದು ಆಗಲೇ.

ಬಿಸಿಯ ಲೆಕ್ಕಕ್ಕೆ ಕಡಲು, ಹವಾಮಾನಗಳ ಮೇಲೆ ಕಣ್ಣಿಡುವ ಅಮೆರಿಕದ ನೋವಾ ಸಂಸ್ಥೆಯ ‘ಕೋರಲ್ ರೀಫ್ ವಾಚ್’ ಉಪಗ್ರಹದ ಅಳತೆ ಬಳಸುತ್ತದೆ. ಒಂದು ಜಾಗದ ವರ್ಷದ ಅತಿ ಬಿಸಿ ತಿಂಗಳ ಸರಾಸರಿ 29 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಳ್ಳಿ. ಅದಕ್ಕಿಂತ ಕನಿಷ್ಠ 1 ಡಿಗ್ರಿ ಮೇಲೇರಿದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ. ಒಂದು ವಾರ 30.5 ಇದ್ದರೆ 1.5 ಡಿಗ್ರಿ-ವಾರ. ಎರಡು ವಾರ 31 ಇದ್ದರೆ 4 ಡಿಗ್ರಿ-ವಾರ. ಒಂದು ವಾರ 29.8 ಇದ್ದರೆ ಸೊನ್ನೆ. ಹಿಂದಿನ 12 ವಾರಗಳದ್ದನ್ನು ಹೀಗೆ ಕೂಡಿದಾಗ 4 ದಾಟಿದರೆ ಗಣನೀಯವಾಗಿ ಬಿಳಿಚುತ್ತದೆ, 8 ದಾಟಿದರೆ ಸಾವು ಶುರುವಾಗುತ್ತದೆ. ಹಿಂದೆ ಎಚ್ಚರಿಕೆಯ ಪಟ್ಟಿ ಅಲ್ಲಿಗೇ ನಿಲ್ಲುತ್ತಿತ್ತು. 2023ರ ಬೇಸಿಗೆಯ ನಂತರ ಅದು ಸಾಲದೆ 12, 16, 20ರ ಮಟ್ಟಗಳನ್ನು ಹೊಸದಾಗಿ ಸೇರಿಸಬೇಕಾಯಿತು. ಆ ಸೇರ್ಪಡೆಯೇ ಕಳವಳ ಹುಟ್ಟಿಸುವ ಸುದ್ದಿ.

ಪ್ರ: ಮನುಷ್ಯರು ಬಿಸಿಲಿಗೆ ಒಗ್ಗಿಕೊಳ್ಳುವಂತೆ ಹವಳವೂ ಒಗ್ಗಿಕೊಳ್ಳುವುದಿಲ್ಲವೇ?

ಉ: ಒಗ್ಗಿಕೊಳ್ಳುತ್ತದೆ. ಆದರೆ ಇಲ್ಲಿ ಎರಡು ಸಂಗತಿಗಳನ್ನು ಕಲಸಬಾರದು. ಒಂದೇ ಹವಳ ತನ್ನ ಆಯುಸ್ಸಿನಲ್ಲಿ ಬಿಸಿಗೆ ಪಳಗುವುದು ಒಂದು. ತಡೆದುಕೊಂಡವು ಉಳಿದು, ತಡೆಯದವು ಅಳಿದು, ತಲೆಮಾರು ಕಳೆದಂತೆ ತಳಿಯೇ ಬದಲಾಗುವುದು ಇನ್ನೊಂದು.

ಎರಡನ್ನೂ ಒಟ್ಟಿಗೆ ತೋರಿಸಿಕೊಟ್ಟ ಜಾಗ ಅಮೆರಿಕನ್ ಸಮೋವಾದ ಓಫು ದ್ವೀಪ. ಅಲ್ಲಿ ಹವಳದ ದಿಬ್ಬದ (ರೀಫ್) ಹಿಂಬದಿಯ ಮಡುಗಳಲ್ಲಿ ಒಂದು, ಕಡಲಿನ ಇಳಿತದ ಹೊತ್ತಿಗೆ ಬಿಸಿಲಲ್ಲಿ ಕಾದು 35 ಡಿಗ್ರಿ ಮುಟ್ಟಬಲ್ಲದು. ಒಂದೇ ದಿನದಲ್ಲಿ 6 ಡಿಗ್ರಿಯಷ್ಟು ಏರಿಳಿತವೂ ಉಂಟು. ಪಕ್ಕದ ಮಡು ಅಷ್ಟು ಕಾಯುವುದಿಲ್ಲ. ಎರಡರಲ್ಲೂ ಬೆಳೆಯುವ ಅಕ್ರೊಪೊರಾ ಹಯಸಿಂಥಸ್ ಎಂಬ ಹವಳವನ್ನು ಹೋಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನ ಒಂದು ಸೊಗಸಾದ ವಿಷಯ ಹೇಳಿತು. ಸಾಮಾನ್ಯ ಹವಳ ಬಿಸಿ ತಟ್ಟಿದ ಮೇಲೆ ರಕ್ಷಣೆಯ ಜೀನುಗಳನ್ನು ಚುರುಕುಗೊಳಿಸುತ್ತದೆ. ಬಿಸಿ ಮಡುವಿನದು ಅಂಥ ಸುಮಾರು 60 ಜೀನುಗಳನ್ನು ತಂಪು ಹೊತ್ತಿನಲ್ಲೂ ಹೆಚ್ಚಿನ ಮಟ್ಟದಲ್ಲೇ ನಡೆಸುತ್ತಿರುತ್ತದೆ. ಅವುಗಳಲ್ಲಿ ಆಕಾರ ಕೆಟ್ಟ ಪ್ರೋಟೀನನ್ನು ಸರಿಪಡಿಸುವ ಶಾಖಾಘಾತ ಪ್ರೋಟೀನುಗಳ ಜೀನುಗಳೂ, ಸುಡುವ ಆಮ್ಲಜನಕವನ್ನು ಅಡಗಿಸುವ ಕಿಣ್ವಗಳ ಜೀನುಗಳೂ ಇವೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದಲ್ಲ, ತೋಡಿಟ್ಟುಕೊಂಡೇ ಇರುವುದು.

ಮರುವರ್ಷದ ವರದಿ ಇನ್ನೂ ಮುಂದೆ ಹೋಯಿತು. ಹವಳದ ತುಂಡುಗಳನ್ನು ಒಂದು ಮಡುವಿನಿಂದ ಇನ್ನೊಂದಕ್ಕೆ ಕಿತ್ತು ನೆಟ್ಟು, ಒಂದು ವರ್ಷಕ್ಕೂ ಮೇಲ್ಪಟ್ಟು ಬಿಟ್ಟು, ಆಮೇಲೆ ಬಿಸಿ ಕೊಟ್ಟು ನೋಡಿದರು. ತಂಪು ಮಡುವಿನಿಂದ ಬಂದವು ಬಿಸಿಯಲ್ಲಿ ಪಳಗಿದ್ದವು, ಆದರೆ ಅಲ್ಲೇ ಹುಟ್ಟಿದವುಗಳ ಮಟ್ಟ ಮುಟ್ಟಲಿಲ್ಲ. ಬಿಸಿ ತಡೆಯುವ ಶಕ್ತಿಯಲ್ಲಿ ಸರಿಸುಮಾರು ಅರ್ಧ ಪಳಗಿದ್ದರಿಂದ, ಅರ್ಧ ಹುಟ್ಟಿನಿಂದ.

ಪಳಗುವುದಕ್ಕೆ ಬಿಡುವು ಬೇಕು. ಬಿಸಿ ಸ್ವಲ್ಪ ಏರಿ, ಹಾನಿಯ ಗೆರೆ ದಾಟದೆ ಇಳಿದು, ಕೆಲವು ದಿನದ ನಂತರ ಜೋರಾಗಿ ಏರಿದರೆ ಹವಳ ಮೊದಲೇ ಎಚ್ಚರಗೊಂಡಿರುತ್ತದೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಹಿಂದಿನ ಬೇಸಿಗೆಗಳು ಬಹುಪಾಲು ಹೀಗೇ ಬರುತ್ತಿದ್ದವು. ಕಡಲು ಇನ್ನರ್ಧ ಡಿಗ್ರಿ ಕಾದರೂ ಸಾಕು, ಆ ಮೊದಲ ಸಣ್ಣ ಏರಿಕೆಯೇ ಹಾನಿಯ ಗೆರೆ ದಾಟಿಬಿಡುತ್ತದೆ. ಎಚ್ಚರಿಸಬೇಕಾದ ಬಿಸಿಯೇ ಹೊಡೆತವಾಗುತ್ತದೆ.

ಪ್ರ: ಬಿಸಿ ತಡೆಯುವ ಬೇರೆ ಪಾಚಿಯನ್ನು ಹವಳ ಇಟ್ಟುಕೊಳ್ಳಬಹುದು ಎಂದು ಓದಿದ್ದೆ. ಹಾಗಿದ್ದರೆ ಎಲ್ಲವೂ ಅದನ್ನೇ ಇಟ್ಟುಕೊಳ್ಳಬಾರದೇಕೆ?

ಉ: ಖರ್ಚು ಹೆಚ್ಚು. ಡುರುಸ್ಡಿನಿಯಮ್ ಕುಲದ ಪಾಚಿ ಬಿಸಿಗೆ ಗಟ್ಟಿ. ಗ್ರೇಟ್ ಬ್ಯಾರಿಯರ್ ರೀಫ್‌ನ ಅಕ್ರೊಪೊರಾ ಮಿಲೆಪೊರಾ ತನ್ನ ಕ್ಲಾಡೊಕೋಪಿಯಮ್ ಪಾಚಿಯ ಬದಲು ಇದಕ್ಕೆ ತಿರುಗಿದಾಗ 1ರಿಂದ 1.5 ಡಿಗ್ರಿ ಹೆಚ್ಚು ತಡೆದದ್ದನ್ನು 2006ರಲ್ಲೇ ದಾಖಲಿಸಿದ್ದಾರೆ. ಆದರೆ ಈ ಪಾಚಿ ಹವಳಕ್ಕೆ ಕೊಡುವ ಊಟ ಕಡಿಮೆ. ಎಳೆ ಹವಳಗಳಲ್ಲಿ ನೋಡಿದಾಗ ಕ್ಲಾಡೊಕೋಪಿಯಮ್ ಇದ್ದವು ಎರಡು-ಮೂರು ಪಟ್ಟು ವೇಗವಾಗಿ ಬೆಳೆದವು. ನಿಧಾನವಾಗಿ ಬೆಳೆಯುವ ಮರಿಯನ್ನು ಮೀನು ಕೆರೆದುಹಾಕುತ್ತದೆ, ಕಡಲಕಳೆ ಮುಚ್ಚುತ್ತದೆ. ಹಾಗಾಗಿ ನೀರು ತಂಪಾದ ಮೇಲೆ ಅನೇಕ ಹವಳಗಳು ಹಳೆಯ ಪಾಚಿಗೇ ಮರಳುತ್ತವೆ. ಹಾಗೆಂದು ಪಾಚಿ ಬದಲಿಸುವ ಸೌಲಭ್ಯ ಎಲ್ಲ ಹವಳಕ್ಕೂ ಇಲ್ಲ. ಕೆಲವು ಒಂದೇ ಬಗೆಗೆ ಅಂಟಿಕೊಂಡಿರುತ್ತವೆ.

ಪ್ರ: ಪರ್ಷಿಯನ್ ಕೊಲ್ಲಿಯ ಹವಳ 35 ಡಿಗ್ರಿಯಲ್ಲೂ ಬದುಕುತ್ತದಂತೆ. ಅದನ್ನೇ ತಂದು ಬೇರೆ ಕಡೆ ನೆಡಬಹುದಲ್ಲ?

ಉ: ಕೊಲ್ಲಿಯ ನೀರು ಬಿಸಿ ಮಾತ್ರವಲ್ಲ, ಬಹಳ ಉಪ್ಪು. ಅಲ್ಲಿನ ಹವಳದೊಳಗಿನ ಕ್ಲಾಡೊಕೋಪಿಯಮ್ ಥರ್ಮೋಫಿಲಮ್ ಪಾಚಿ ಆ ಉಪ್ಪಿಗೇ ಒಗ್ಗಿದೆ. ಸಾಧಾರಣ ಕಡಲಿನ ಉಪ್ಪಿನಂಶಕ್ಕೆ ತಂದಾಗ ಅದರ ಶಾಖ ತಡೆಯುವ ಮೇಲುಗೈ ಕಳೆದುಹೋಗುತ್ತದೆ. ಜೊತೆಗೆ ರೋಗ, ಹೊರಗಿನ ಜೀವಿ ಸಾಗಿಬರುವ ಅಪಾಯ ಬೇರೆ.

ಒಂದೇ ದಿಬ್ಬದ ಸಾಲಿನೊಳಗೆ ಮಾಡುವ ಕೆಲಸ ನನಗೆ ಹೆಚ್ಚು ಭರವಸೆಯದ್ದಾಗಿ ಕಾಣುತ್ತದೆ. ಗ್ರೇಟ್ ಬ್ಯಾರಿಯರ್ ರೀಫ್‌ನ ಬಿಸಿ ಉತ್ತರ ಭಾಗದ ಹವಳವನ್ನು ದಕ್ಷಿಣದ್ದರ ಜೊತೆ ಕೂಡಿಸಿದಾಗ ಲಾರ್ವಾಗಳು ಬಿಸಿಯಲ್ಲಿ ಬದುಕುಳಿಯುವ ಸಾಧ್ಯತೆ ಹತ್ತು ಪಟ್ಟಿನವರೆಗೂ ಏರಿತ್ತು. ತಾಯಿಯಾಗಬೇಕಾದ ಹವಳವನ್ನು ಆರಿಸಲು 18 ಗಂಟೆಯ ಒಂದು ಪರೀಕ್ಷೆಯಿದೆ. ಒಂದೇ ಹವಳದ ನಾಲ್ಕು ತುಂಡುಗಳನ್ನು ನಾಲ್ಕು ತೊಟ್ಟಿಗಳಲ್ಲಿ ಇಡಬೇಕು: ಬೇಸಿಗೆಯ ಸರಾಸರಿ ಬಿಸಿ, ಅದಕ್ಕಿಂತ 3, 6, 9 ಡಿಗ್ರಿ ಹೆಚ್ಚು. ಮೂರು ಗಂಟೆಯಲ್ಲಿ ಬಿಸಿ ಏರಿಸಿ, ಮೂರು ಗಂಟೆ ಹಿಡಿದು, ಒಂದು ಗಂಟೆಯಲ್ಲಿ ಇಳಿಸಿ, ರಾತ್ರಿಯಿಡೀ ಬಿಟ್ಟು, ಪಾಚಿಯ ದ್ಯುತಿಸಂಶ್ಲೇಷಣೆಯ ದಕ್ಷತೆಯನ್ನು ಫ್ಲೋರೋಮೀಟರಿನಲ್ಲಿ (ಪಾಚಿ ಮರಳಿ ಸೂಸುವ ಬೆಳಕನ್ನು ಅಳೆಯುವ ಉಪಕರಣ) ಅಳೆಯುತ್ತಾರೆ. ದಕ್ಷತೆ ಅರ್ಧಕ್ಕಿಳಿಯುವ ಬಿಸಿ ಯಾವ ಹವಳದಲ್ಲಿ ಹೆಚ್ಚೋ ಅದು ಗಟ್ಟಿ. ತುಂಡುಗಳನ್ನು ನೆರಳಿನ ಕೊಂಬೆ, ಬಿಸಿಲಿನ ಕೊಂಬೆ ಎಂದು ಬೆರೆಸಿದರೆ ಫಲಿತಾಂಶ ಕೆಡುತ್ತದೆ. ಎಲ್ಲವೂ ಒಂದೇ ಎತ್ತರದ, ಒಂದೇ ದಿಕ್ಕಿನ ತುಂಡುಗಳಾಗಿರಬೇಕು.

ಪ್ರ: ನಮ್ಮ ಪ್ರಯೋಗಾಲಯದ ಕಡಲನೀರಿನ ತೊಟ್ಟಿಯಲ್ಲಿ ನೀರು ತಂಪಿಡುವ ಚಿಲ್ಲರ್ ಕೆಟ್ಟು ಎರಡು ದಿನ 31 ಡಿಗ್ರಿ ಇತ್ತು. ಹವಳ ಮಾಸತೊಡಗಿದೆ. ಈಗೇನು ಮಾಡಬೇಕು?

ಉ: ಗಾಬರಿಯಲ್ಲಿ ಒಮ್ಮೆಗೇ ತಂಪು ಮಾಡಬೇಡಿ, ಅದು ಎರಡನೇ ಹೊಡೆತ. ದಿನಕ್ಕೆ 1ರಿಂದ 2 ಡಿಗ್ರಿಯಂತೆ ಇಳಿಸಿ 25–26ಕ್ಕೆ ತನ್ನಿ. ನೀರಿನ ಮೇಲೆ ಫ್ಯಾನ್ ಹಾಯಿಸಿದರೂ ಆದೀತು. ಆದರೆ ಆವಿಯಾದಷ್ಟು ಆರ್‌ಒ ಸಿಹಿನೀರು ಸುರಿಯದಿದ್ದರೆ ಉಪ್ಪು ಏರುತ್ತದೆ. ಉಪ್ಪಿನಂಶ ಲೀಟರಿಗೆ 35 ಗ್ರಾಂ ಸುಮಾರಿಗೆ ನಿಲ್ಲಬೇಕು.

ಬೆಳಕನ್ನು ಇಂದೇ ಅರ್ಧಕ್ಕಿಳಿಸಿ. ಹಾನಿ ಮಾಡುವುದು ಬಿಸಿ ಮತ್ತು ಬೆಳಕು ಸೇರಿ, ನಿಮ್ಮ ಕೈಯಲ್ಲಿ ತಕ್ಷಣ ಇರುವುದು ಬೆಳಕು. ಎರಡು ವಾರ ಹಾಗೇ ಬಿಟ್ಟು, ಆಮೇಲೆ ವಾರಕ್ಕೆ ಶೇ 5–10ರಂತೆ ಏರಿಸಿ. ನೀರಿನ ಓಟ ಹೆಚ್ಚಿಸಿ, ಪಾಲಿಪ್ ಸುತ್ತ ನಿಂತ ವಿಷವನ್ನು ಅದು ತೊಳೆಯುತ್ತದೆ. ಪಾಚಿ ಇಲ್ಲದ ಹವಳಕ್ಕೆ ನೀವೇ ಊಟ ಹಾಕಬೇಕು. ವಾರಕ್ಕೆ ಎರಡು-ಮೂರು ಸಲ, ದೀಪ ಆರಿ ಗ್ರಹಣಾಂಗ ಹೊರಚಾಚಿದ ಮೇಲೆ, ಪಂಪು 15–20 ನಿಮಿಷ ನಿಲ್ಲಿಸಿ, ಮೊಟ್ಟೆಯಿಂದ ಆಗಷ್ಟೇ ಹೊರಬಂದ ಆರ್ಟೀಮಿಯಾ (ಸಿಗಡಿಯಂಥ ಪುಟ್ಟ ಜೀವಿ) ಮರಿಗಳನ್ನು ಪಿಪೆಟ್ಟಿನಲ್ಲಿ ಬಿಡಿ. ಉಳಿದದ್ದನ್ನು ಹೀರಿ ತೆಗೆಯಿರಿ.

ಹೆಚ್ಚಿನವರು ಎಡವುವುದು ಇಲ್ಲಿ: ನೀರು ‘ಶುದ್ಧ’ವಾಗಲಿ ಎಂದು ಫಾಸ್ಫೇಟನ್ನು ಸೊನ್ನೆಗಿಳಿಸುತ್ತಾರೆ. ನೈಟ್ರೇಟ್ ಇದ್ದು ಫಾಸ್ಫೇಟ್ ಇಲ್ಲದಿದ್ದರೆ ಪಾಚಿಯ ಪೊರೆ ದುರ್ಬಲವಾಗಿ ಬಿಸಿಗೂ ಬೆಳಕಿಗೂ ಬೇಗ ಸೋಲುತ್ತದೆ. ಲೀಟರಿಗೆ ಫಾಸ್ಫೇಟ್ 0.03–0.1 ಮಿಲಿಗ್ರಾಂ, ನೈಟ್ರೇಟ್ 2–10 ಮಿಲಿಗ್ರಾಂ, ಕ್ಯಾಲ್ಸಿಯಂ 400–450 ಮಿಲಿಗ್ರಾಂ ಇರಲಿ. ತಾಮ್ರವಿರುವ ಮೀನಿನ ಔಷಧ ಆ ನೀರಿಗೆ ಬೀಳಲೇಬಾರದು.

ಪ್ರ: ಕಡಲು ಆಮ್ಲೀಯವಾಗುವುದಕ್ಕೂ ಹವಳ ಹೊಂದಿಕೊಳ್ಳುತ್ತದೆಯೇ?

ಉ: ಗೂಡು ಕಟ್ಟುವ ಜಾಗದ ದ್ರವದಿಂದ ಹೈಡ್ರೋಜನ್ ಅಯಾನುಗಳನ್ನು ಹೊರಗೆ ಪಂಪು ಮಾಡಿ, ಅಲ್ಲಿನ ಪಿಎಚ್ ಅನ್ನು (ಆಮ್ಲೀಯತೆ ಹೆಚ್ಚಿದಷ್ಟೂ ಇಳಿಯುವ ಅಳತೆ) ಹೊರಗಿನ ಕಡಲಿಗಿಂತ ಮೇಲಿಟ್ಟುಕೊಳ್ಳುತ್ತದೆ. ಹೊರಗಿನ ಪಿಎಚ್ ಇಳಿದಷ್ಟೂ ಪಂಪಿನ ಖರ್ಚು ಏರುತ್ತದೆ. ಬಿಳಿಚಿ ಉಪವಾಸ ಬಿದ್ದ ಹವಳಕ್ಕೆ ಆ ಖರ್ಚು ಭರಿಸುವುದು ಕಷ್ಟ.

ಪ್ರ: ಬಿಳಿಚಿದ ಹವಳ ಚೇತರಿಸಿಕೊಳ್ಳಲು ಎಷ್ಟು ಕಾಲ? ಅದನ್ನು ಹೇಗೆ ದಾಖಲಿಸುವುದು?

ಉ: ಬಣ್ಣ ಮರಳಲು ಕೆಲವು ವಾರದಿಂದ ಕೆಲವು ತಿಂಗಳು. ಕೊಬ್ಬಿನ ದಾಸ್ತಾನು ತುಂಬಲು ಇನ್ನೂ ಹೆಚ್ಚು ಕಾಲ ಬೇಕು, ಎಷ್ಟೋ ಸಲ ಮುಂದಿನ ವರ್ಷದ ಮೊಟ್ಟೆಯೂ ಕಡಿಮೆಯಾಗುತ್ತದೆ. ಸತ್ತ ದಿಬ್ಬದ ಮೇಲೆ ಬೇಗ ಬೆಳೆಯುವ ಹವಳ ಮತ್ತೆ ತುಂಬಲು 10–15 ವರ್ಷ. 1980ರ ದಶಕದ ಆರಂಭದಲ್ಲಿ ಒಂದು ಜಾಗದಲ್ಲಿ ಎರಡು ತೀವ್ರ ಬಿಳಿಚುವಿಕೆಗಳ ನಡುವೆ 25–30 ವರ್ಷದ ಬಿಡುವು ಇರುತ್ತಿತ್ತು. 2016ರ ಹೊತ್ತಿಗೆ ಅದು ಸುಮಾರು 6 ವರ್ಷಕ್ಕೆ ಇಳಿದಿತ್ತು. ಹವಳದ ಎಲ್ಲ ಉಪಾಯಗಳೂ ತತ್ತರಿಸುವುದು ಈ ಬಿಡುವಿಲ್ಲದಿರುವುದರಿಂದಲೇ.

ದಾಖಲಿಸಲು ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ‘ಕೋರಲ್ ವಾಚ್’ ಬಣ್ಣದ ಪಟ್ಟಿ ಸಾಕು. ಅದರಲ್ಲಿ ತಿಳಿಯಿಂದ ಗಾಢದವರೆಗೆ 1ರಿಂದ 6 ಮೆಟ್ಟಿಲು. ಒಂದೇ ಹವಳದ ಅತಿ ತಿಳಿ ಭಾಗಕ್ಕೊಂದು, ಅತಿ ಗಾಢ ಭಾಗಕ್ಕೊಂದು ಅಂಕ ಬರೆದುಕೊಳ್ಳಿ. ಅಕ್ರೊಪೊರಾದ ಕೊಂಬೆಯ ತುದಿಯನ್ನು ಬಿಡಿ, ಬೆಳೆಯುವ ತುದಿ ಯಾವಾಗಲೂ ಬಿಳಿ. ನೀರಿನ ಆಳ ಬಣ್ಣವನ್ನು ನೀಲಿಗೆ ಎಳೆಯುವುದರಿಂದ ಪಟ್ಟಿಯನ್ನು ಹವಳದ ಪಕ್ಕದಲ್ಲೇ, ಅದೇ ಬೆಳಕಿನಲ್ಲಿ ಹಿಡಿಯಬೇಕು. ಎರಡು ಮೆಟ್ಟಿಲು ಕುಸಿದರೆ ಪಾಚಿ ನಿಜವಾಗಿ ಕಡಿಮೆಯಾಗಿದೆ ಎಂದರ್ಥ. ಗುರುತು ಮಾಡಿದ ಅದೇ ಹವಳಗಳನ್ನು ಎರಡು ವಾರಕ್ಕೊಮ್ಮೆ, ಸಾಧ್ಯವಾದಷ್ಟು ಅದೇ ಹೊತ್ತಿನಲ್ಲಿ, ಅದೇ ಕೋನದಿಂದ ಚಿತ್ರ ತೆಗೆದಿಡಿ.